ಸತ್ಯಾಂಶ: ಸರಾಸರಿ ಅಂಕ ನೋಡಿದರೆ ಶಾಲೆಯ ಗುಣಮಟ್ಟ ತಿಳಿಯುತ್ತದೆಯೇ?

'ಸರ್ಕಾರಿ ಪ್ರಾಥಮಿಕ ಶಾಲೆ ಹೇಗಿದೆಯೆಂದು ತಿಳಿಯಲು ಪರೀಕ್ಷೆಯ ಸರಾಸರಿ ಅಂಕ ನೋಡಿದರೆ ಸಾಕು' ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಆ ಅಂಕದಲ್ಲಿ ಮನೆಯ ಪಾಲೂ ದೊಡ್ಡದು. ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ, ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ವರದಿಯು ಮಕ್ಕಳ ಕಲಿಕೆಗೂ ಕುಟುಂಬದ ಹಿನ್ನೆಲೆಗೂ ಇರುವ ಗಾಢ ನಂಟನ್ನು ತೋರಿಸಿತು. ಮನೆಯಲ್ಲಿ ಪುಸ್ತಕಗಳ ನಡುವೆ ಬೆಳೆದ ಮಕ್ಕಳೇ ತುಂಬಿರುವ ಶಾಲೆಯ ಸರಾಸರಿ, ಪಾಠ ಸಾಧಾರಣವಾಗಿದ್ದರೂ ಮೇಲೇ ಇರಬಹುದು. ಅಕ್ಷರವನ್ನೇ ಕಾಣದೆ ಬಂದ ಮಗುವಿಗೆ ಎರಡು ವರ್ಷಗಳಲ್ಲಿ ಕಥೆ ಓದಲು ಕಲಿಸಿದ ಶಿಕ್ಷಕಿಯ ದುಡಿಮೆ ಮಾತ್ರ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ತರಗತಿ ಚಿಕ್ಕದಾದರಂತೂ ಸರಾಸರಿಯಾಗಲಿ ತೇರ್ಗಡೆ ಪ್ರಮಾಣವಾಗಲಿ ಇನ್ನಷ್ಟು ದಾರಿ ತಪ್ಪಿಸುತ್ತದೆ. 20 ಮಕ್ಕಳಲ್ಲಿ ಒಬ್ಬರು ಅನುತ್ತೀರ್ಣರಾದರೆ ತೇರ್ಗಡೆ ಪ್ರಮಾಣ ಶೇ. 100ರಿಂದ ಶೇ. 95ಕ್ಕೆ ಇಳಿಯುತ್ತದೆ.

ಸರಾಸರಿಯ ಬದಲು, ಅದೇ ಮಕ್ಕಳು ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದ್ದಾರೆ ಎಂಬುದನ್ನು ಕೇಳಿ. ಸಾಧ್ಯವಾದರೆ ಒಂದು ದಿನ ಶಾಲೆಗೇ ಹೋಗಿ. ಹಿಂದೆ ಬಿದ್ದ ಮಗುವಿಗಾಗಿ ಏನು ಮಾಡುತ್ತೀರಿ ಎಂದು ಶಿಕ್ಷಕರನ್ನು ವಿಚಾರಿಸಿ. ನೋಟ್ ಪುಸ್ತಕಗಳನ್ನು ತಿರುವಿ ಹಾಕಿ: ಅಲ್ಲಿ ಮಕ್ಕಳ ಸ್ವಂತ ವಾಕ್ಯಗಳಿವೆಯೇ, ಬರೀ ಕಪ್ಪುಹಲಗೆಯ ನಕಲಿದೆಯೇ?