ಗ್ರಾಫಿಕ್ಸ್ ಹೆಂಗಿದೆ ಮಾವ?

ಹೋದ ವರ್ಷ ದಸರಾ ರಜೆಯಲ್ಲಿ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ್ದ. ಅವನಿರುವುದು ಮಂಡ್ಯದಲ್ಲಿ, ಸೆಕೆಂಡ್ ಪಿಯುಸಿ. ನಾನಿರುವುದು ಜಪಾನಿನ ಒಸಾಕಾದಲ್ಲಿ. ಬಂದು 11 ವರ್ಷವಾಯಿತು. ಮಾತು ನನ್ನ ಜೊತೆ ಆಡುತ್ತಿದ್ದರೂ ಅವನ ಕಣ್ಣು ನನ್ನ ಬೆನ್ನ ಹಿಂದಿನ ಟಿವಿ ಮೇಲೇ ಇತ್ತು. ಅಲ್ಲಿ ನಾನು ಅರ್ಧಕ್ಕೆ ನಿಲ್ಲಿಸಿ ಬಂದ ಆಟ.

“ಅದೇನ್ ಮಾವ, ಚಿಕ್ ಮಕ್ಕಳ ಕಾರ್ಟೂನ್ ಥರ? ಜಪಾನ್‌ನಲ್ಲಿ ಕೂತ್ಕೊಂಡು ಇಂಥ ಗ್ರಾಫಿಕ್ಸಾ?”

ಅವನ ಸಂಕಟ ಅರ್ಥವಾಯಿತು. ಅಪ್ಪನನ್ನು ಆರು ತಿಂಗಳು ಕಾಡಿ ಹೊಸ ಪಿಸಿ ಕಟ್ಟಿಸಿಕೊಂಡಿದ್ದಾನೆ. ಬೆಳಕು ನಿಜದಲ್ಲಿ ಹೇಗೆ ಬಿದ್ದು ಪ್ರತಿಫಲಿಸುತ್ತೋ ಹಾಗೇ ಲೆಕ್ಕ ಹಾಕಿ ತೋರಿಸುವ ರೇ ಟ್ರೇಸಿಂಗ್ ಆನ್ ಮಾಡಿದರೆ ಮಳೆ ನಿಂತ ರಸ್ತೆಯ ನೀರಲ್ಲಿ ಅಂಗಡಿ ಬೋರ್ಡು ಹೇಗೆ ಕಾಣುತ್ತೆ ಅಂತ ಹತ್ತು ನಿಮಿಷ ತೋರಿಸಿದ. ಚೆನ್ನಾಗಿಯೇ ಇತ್ತು. ಆ ಹತ್ತು ನಿಮಿಷ ಅವನು ಆಟ ಮಾತ್ರ ಆಡಲಿಲ್ಲ.

ನಾನೂ ಅವನ ಹಾಗೇ ಇದ್ದವನು. 2008ರಲ್ಲಿ ಬೆಂಗಳೂರಲ್ಲಿ ಮೊದಲ ಕೆಲಸ, ಮೊದಲ ಸಂಬಳ. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ನಿನ್ ಪಿಸಿಲಿ ಕ್ರೈಸಿಸ್ ಓಡುತ್ತಾ? 2007ರಲ್ಲಿ ಬಂದ ಆ ಆಟ ಆಗಿನ ಒಳ್ಳೊಳ್ಳೆ ಕಂಪ್ಯೂಟರ್‌ಗಳನ್ನೇ ಏದುಸಿರು ಬಿಡಿಸುತ್ತಿತ್ತು. ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಸಾಲು ಎಸ್.ಪಿ. ರೋಡಿಗೆ ಹೋಗಿ ಒಂದು ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ತಂದೆ. ಇರೋ ಪವರ್ ಸಪ್ಲೈ ಸಾಕು ಸಾರ್ ಅಂದರು. ಮೂರನೇ ದಿನ ರೂಮಿನ ತುಂಬಾ ಸುಟ್ಟ ವಾಸನೆ. ವಾಪಸ್ ಹೋಗಿ ಕೇಳಿದರೆ, ನಿಮ್ಮ ಏರಿಯಾ ಕರೆಂಟ್ ಸರಿ ಇಲ್ಲ ಸಾರ್. ಇನ್ನೊಂದು ಪವರ್ ಸಪ್ಲೈಗೆ ದುಡ್ಡು ಕೊಟ್ಟು ಬಂದೆ. ಅಷ್ಟೆಲ್ಲಾ ಮಾಡಿ ಆ ಆಟದಲ್ಲಿ ನಾನು ನೋಡಿದ್ದು ಎಲೆ. ಬಗ್ಗಿ, ಒಂದೊಂದು ಎಲೆಯ ಮೇಲೆ ಬಿಸಿಲು ಹೇಗೆ ಬೀಳುತ್ತೆ ಅಂತ ನೋಡುತ್ತಾ ಕೂತಿದ್ದೆ. ಕಥೆ ಏನು ಅಂತ ಈಗ ಕೇಳಿದರೆ ಹೇಳೋಕೆ ಬರಲ್ಲ.

ಮೊನ್ನೆ ಆ ಆಟವನ್ನು ಮತ್ತೆ ಹಾಕಿದೆ. ಕಾಡು ಪರವಾಗಿಲ್ಲ, ಇವತ್ತಿಗೂ ನಿಲ್ಲುತ್ತೆ. ಮನುಷ್ಯರ ಮುಖ ಮಾತ್ರ ಮೇಣದ್ದು. 2008ರಲ್ಲಿ ಇದೇ ಮುಖ ನೋಡಿ ‘ನಿಜವಾದ ಮನುಷ್ಯನ ಥರ ಇದೆ ಕಣೋ’ ಅಂತ ಗೆಳೆಯನಿಗೆ ಫೋನ್ ಮಾಡಿದ್ದೆ. ಇದಕ್ಕೊಂದು ಹೆಸರಿದೆ, ಅದು ಹುಟ್ಟಿದ್ದೂ ಈ ದೇಶದಲ್ಲೇ. 1970ರಲ್ಲಿ ಮಸಾಹಿರೊ ಮೋರಿ ಅನ್ನುವ ರೋಬೋ ತಜ್ಞರು ಬರೆದರು: ಬೊಂಬೆ ಮನುಷ್ಯನನ್ನು ಹೋಲುತ್ತಾ ಹೋದ ಹಾಗೆ ನಮಗೆ ಹತ್ತಿರವಾಗುತ್ತದೆ, ಆದರೆ ಇನ್ನೇನು ಪೂರ್ತಿ ಹೋಲಬೇಕು ಅನ್ನುವಾಗ ಇದ್ದಕ್ಕಿದ್ದಂತೆ ಮೈ ಜುಮ್ಮೆನ್ನಿಸುತ್ತದೆ. ಆ ಕುಸಿತವನ್ನು ಅವರು ಕಣಿವೆ ಅಂದರು. ನನ್ನ ಅನುಭವ ಏನಂದರೆ ಆ ಕಣಿವೆ ನಿಂತಲ್ಲಿ ನಿಲ್ಲುವುದಿಲ್ಲ. ಇವತ್ತು ದಾಟಿದೆ ಅಂದುಕೊಂಡ ಆಟ ಹತ್ತು ವರ್ಷ ಬಿಟ್ಟು ನೋಡಿದರೆ ಕಣಿವೆಯೊಳಗೇ ಬಿದ್ದಿರುತ್ತದೆ.

ಒಸಾಕಾಗೂ ಒಂದು ಎಸ್.ಪಿ. ರೋಡ್ ಇದೆ. ನಿಪ್ಪೊಂಬಾಶಿ ಅಂತ. ಬಂದ ಹೊಸದರಲ್ಲಿ ವೈರು, ಅಡಾಪ್ಟರು ಹುಡುಕಿಕೊಂಡು ಹೋದವನು ಹಳೆ ಆಟಗಳ ಅಂಗಡಿಗಳಲ್ಲಿ ಸಿಕ್ಕಿಹಾಕಿಕೊಂಡೆ. ನಮ್ಮಲ್ಲಿ ಅಂಗಡಿಯವನ ಬಾಯಲ್ಲಿ ಬರುವುದು ಎಷ್ಟು ಜಿಬಿ, ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನುವ ಲೆಕ್ಕ). ಇಲ್ಲಿ ಚೀಟಿಯ ಮೇಲೆ ಬರೆದಿರುತ್ತಾರೆ ‘ಹಾಕೋ-ಸೆತ್ಸು’, ಅಂದರೆ ಡಬ್ಬಿ ಮತ್ತು ಜೊತೆಗೆ ಬಂದ ಪುಸ್ತಕ ಎರಡೂ ಇವೆ ಅಂತ. ಬರೀ ಕ್ಯಾಸೆಟ್ ಆದರೆ ಅಗ್ಗ, ಡಬ್ಬಿ ಇದ್ದರೆ ದುಬಾರಿ. ಡಬ್ಬಿಯ ಮೇಲಿನ ಚಿತ್ರಕ್ಕೆ ಬೆಲೆ!

ಇನ್ನೊಂದು ಮಾತು ಕಲಿತೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸೀನಿಯರ್ ಒಬ್ಬರಿಗೆ ಫೋನಿನಲ್ಲಿ ಒಂದು ಹಳೆ ಆಟ ತೋರಿಸಿದೆ. ಒರಟೊರಟು ಚಿತ್ರ, ಬಣ್ಣವೂ ನಾಲ್ಕೇ. ಅವರು ನಕ್ಕು ‘ಅಜಿ ಗ ಅರು’ ಅಂದರು. ಅಜಿ ಅಂದರೆ ರುಚಿ. ರುಚಿ ಇದೆ ಅಂತ. ಕೈ ಅಷ್ಟೊಂದು ಪಳಗಿಲ್ಲದಿದ್ದರೂ ಮಾಡಿದವನ ಗುಣ ಕಾಣುವ ವಸ್ತುವಿಗೆ ಇಲ್ಲಿ ಹಾಗನ್ನುತ್ತಾರೆ. ನಮ್ಮಲ್ಲಿ ಊಟಕ್ಕೆ ಅಂತೀವಿ, ಸಂಗೀತಕ್ಕೂ ಅಂತೀವಿ. ವಿಡಿಯೋ ಗೇಮಿಗೆ ಯಾರಾದರೂ ರುಚಿ ಇದೆ ಅಂದಿದ್ದು ನಾನು ಕೇಳಿಲ್ಲ. ‘ಗ್ರಾಫಿಕ್ಸ್ ಸೂಪರ್ ಗುರು’ ಅಂದರೆ ಮುಗೀತು. ಬೈಕಿನ ಮೈಲೇಜ್ ಕೇಳಿದ ಹಾಗೆ.

ಅವತ್ತು ಅಕ್ಕನ ಮಗ ನನ್ನ ಟಿವಿಯಲ್ಲಿ ನೋಡಿದ್ದು ಒಕಾಮಿ. 2006ರಲ್ಲಿ ಪ್ಲೇಸ್ಟೇಷನ್ 2 ಅನ್ನುವ ಗೇಮ್ ಯಂತ್ರಕ್ಕೆ ಬಂದ ಆಟ, ಮಾಡಿದ್ದು ಇದೇ ಊರಿನ ಕ್ಲೋವರ್ ಸ್ಟುಡಿಯೋ, ಕ್ಯಾಪ್‌ಕಾಮ್ ಕಂಪನಿಯದ್ದು. ಸೂರ್ಯದೇವತೆ ಅಮತೆರಾಸು ಬಿಳಿ ತೋಳದ ರೂಪದಲ್ಲಿ ಶಾಪ ಹಿಡಿದ ಊರುಗಳನ್ನು ಮತ್ತೆ ಹಸಿರು ಮಾಡುತ್ತಾ ಹೋಗುವ ಕಥೆ. ಇದನ್ನು ಮೊದಲು ಶುರು ಮಾಡಿದ್ದು ನಿಜದ ಕಾಡು, ನಿಜದ ತೋಳ ಕಾಣಬೇಕು ಅಂತಲೇ. ಆದರೆ 32 ಎಂಬಿ ಮೆಮೊರಿಯ ಆ ಯಂತ್ರಕ್ಕೆ ಅದು ಭಾರವಾಯಿತು. ಆಗ ಕುಂಚ ಮತ್ತು ಮಸಿಯ ಹಳೆ ಜಪಾನಿ ಚಿತ್ರಗಳ ದಾರಿಗೆ ಬಂದರು. ಕಪ್ಪು ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಮರದ ಅಂಚು ಒದ್ದೆ ಕಾಗದದ ಮೇಲೆ ಹರಡಿದ ಹಾಗೆ.

ಬರೀ ಇಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಚಿತ್ರದ ಶೈಲಿ ಬದಲಾದ ಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಇಡೀ ಲೋಕವೇ ಕುಂಚದಲ್ಲಿ ಬರೆದಿದ್ದು ಅಂದಮೇಲೆ ಆಡುವವನ ಕೈಗೂ ಒಂದು ಕುಂಚ ಕೊಟ್ಟರೇನು? ಒಂದು ಬಟನ್ ಒತ್ತಿ ಹಿಡಿದರೆ ಆಟ ನಿಂತು ಪರದೆ ಹಳೆ ಕಾಗದವಾಗುತ್ತದೆ. ಆಕಾಶದಲ್ಲಿ ಒಂದು ಸುತ್ತು ಎಳೆದರೆ ಸೂರ್ಯ ಬರುತ್ತಾನೆ. ಒಣಗಿದ ಮರದ ಸುತ್ತ ಎಳೆದರೆ ಹೂ. ಶತ್ರುವಿನ ಮೇಲೆ ಅಡ್ಡಗೆರೆ ಎಳೆದರೆ ಕತ್ತಿಯ ಏಟು. ಇದನ್ನೇ ಫೋಟೋದಂಥ ಕಾಡಿನಲ್ಲಿ ಮಾಡಿಸಿದ್ದರೆ ನಗೆಪಾಟಲಾಗುತ್ತಿತ್ತು. ಶೈಲಿ ಅಂದರೆ ಆಟ ಮುಗಿದ ಮೇಲೆ ಬಳಿಯುವ ಸುಣ್ಣಬಣ್ಣ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಬಣ್ಣದಿಂದಲೇ ಆಟ ಹುಟ್ಟಿದೆ.

ಒಕಾಮಿ ಮಾರಾಟದಲ್ಲಿ ಸೋತಿತು, ಸ್ಟುಡಿಯೋವೂ ಸ್ವಲ್ಪ ದಿನಕ್ಕೇ ಮುಚ್ಚಿತು. ಅದನ್ನು ಬಚ್ಚಿಟ್ಟರೆ ತಪ್ಪಾಗುತ್ತೆ. ಆದರೆ 2017ರಲ್ಲಿ ಹೊಸ ಯಂತ್ರಗಳಿಗೆ ಮತ್ತೆ ಬಂತು, 2024ರ ಡಿಸೆಂಬರ್‌ನಲ್ಲಿ ಮುಂದಿನ ಭಾಗ ಬರುತ್ತೆ ಅಂತಲೂ ಹೇಳಿದರು.

ರೈಲಿನಲ್ಲಿ ಅರ್ಧ ಗಂಟೆ ದೂರದ ಕ್ಯೋಟೊದಲ್ಲಿ ಇಂಥದ್ದೇ ಜಗಳ ಇನ್ನೂ ಮುಂಚೆ ಆಗಿತ್ತು. 2000ದ ಆಗಸ್ಟ್‌ನಲ್ಲಿ ಅಲ್ಲಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಹೊಸ ಗೇಮ್ ಯಂತ್ರದ ತಾಕತ್ತು ತೋರಿಸಲು ಜೆಲ್ಡಾ ಅನ್ನುವ ತನ್ನ ಆಟಗಳ ಸರಣಿಯ ನಾಯಕ ಲಿಂಕ್ ಕತ್ತಿ ಹಿಡಿದು ಹೋರಾಡುವ, ತಕ್ಕಮಟ್ಟಿಗೆ ನಿಜದಂತೆ ಕಾಣುವ ತುಣುಕೊಂದನ್ನು ತೋರಿಸಿತು. ಜನ ಒಂದು ವರ್ಷ ಅದನ್ನೇ ಕನಸು ಕಂಡರು. 2001ರಲ್ಲಿ ಪರದೆ ಸರಿದಾಗ ಬಂದದ್ದು ದೊಡ್ಡ ತಲೆ, ಬಟ್ಟಲುಗಣ್ಣಿನ ಪುಟ್ಟ ಹುಡುಗ. ನೆರಳು ಬೆಳಕೆಲ್ಲಾ ಎರಡೇ ಮೆಟ್ಟಿಲು, ಕಾರ್ಟೂನಿನ ಹಾಗೆ. ಅಮೆರಿಕದ ಅಭಿಮಾನಿಗಳು ಕೆಂಡಾಮಂಡಲ. ಅಕ್ಕನ ಮಗನ ಮಾತನ್ನೇ ಅವರು ಆಗ ಇಂಗ್ಲಿಷಿನಲ್ಲಿ ಅಂದಿದ್ದರು ಅನ್ನಿ.

ಆ ಆಟ, ವಿಂಡ್ ವೇಕರ್, ಜಪಾನಿನಲ್ಲಿ 2002ರ ಡಿಸೆಂಬರ್‌ನಲ್ಲಿ ಬಂತು. ಆಡಿದವರಿಗೆ ಗೊತ್ತು ಆ ಬಟ್ಟಲುಗಣ್ಣು ಸುಮ್ನೆ ಇಟ್ಟಿದ್ದಲ್ಲ. ಕೋಣೆಯಲ್ಲಿ ಎಲ್ಲೋ ಒಂದು ಮುಖ್ಯ ವಸ್ತು ಇದ್ದರೆ ಲಿಂಕ್‌ನ ಕಣ್ಣು ತಾನಾಗಿ ಆ ಕಡೆ ಹೊರಳುತ್ತದೆ. ಬಾಣದ ಗುರುತು ಬೇಡ, ಇಲ್ಲಿ ನೋಡು ಅನ್ನುವ ಬೋರ್ಡ್ ಬೇಡ. ಅಳತೆಗೆ ಸರಿಯಾದ ಸಣ್ಣ ಕಣ್ಣಾಗಿದ್ದರೆ ಟಿವಿಯಿಂದ ಎಂಟು ಅಡಿ ದೂರ ಕೂತವನಿಗೆ ಅದು ಕಾಣುತ್ತಿತ್ತಾ? ಗಾಳಿಯನ್ನು ಸುರುಳಿ ಸುತ್ತಿದ ಬಿಳಿ ಗೆರೆಯಾಗಿ ಬರೆದಿದ್ದಾರೆ. ಹಾಯಿ ದೋಣಿಯಲ್ಲಿ ಹೋಗುವವನಿಗೆ ಗಾಳಿ ಯಾವ ಕಡೆ ಅನ್ನುವುದು ಕಣ್ಣಿಗೆ ಬೀಳಲೇಬೇಕಲ್ಲ. ನಿಜದ ಗಾಳಿ ಕಾಣುವುದಿಲ್ಲ. ಅಷ್ಟು ನಿಜ ಅಲ್ಲಿ ಬೇಕಿಲ್ಲ.

ಅಮೆರಿಕದಲ್ಲಿ ಮಾರಾಟ ಮಂಕಾದ ಮೇಲೆ ನಿಂಟೆಂಡೊನೇ ಸ್ವಲ್ಪ ಹೆದರಿ, 2006ರಲ್ಲಿ ಮುಂದಿನ ದೊಡ್ಡ ಜೆಲ್ಡಾ ಆಟ ಟ್ವಿಲೈಟ್ ಪ್ರಿನ್ಸೆಸ್ ಅನ್ನು ನಿಜದ ಕಡೆಗೆ ಎಳೆಯಿತು. ನನ್ನ ಮಟ್ಟಿಗೆ ಇವತ್ತು ಹಳೆಯದಾಗಿ ಕಾಣುವುದು ಅದು, ಅದಕ್ಕಿಂತ ಮುಂಚಿನದ್ದಲ್ಲ.

ಇದನ್ನೆಲ್ಲಾ ಬರೆಯುವಾಗ ನನಗೆ ನಾಗಮಂಗಲದ ಹತ್ತಿರ ತಾತನ ಊರಲ್ಲಿ ನೋಡಿದ ತೊಗಲುಗೊಂಬೆ ಆಟ ಕಣ್ಣ ಮುಂದೆ ಬರುತ್ತದೆ. ಬಿಳಿ ಪಂಚೆಯ ಪರದೆ, ಹಿಂದೆ ದೀಪ. ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿದ ಚರ್ಮಕ್ಕೆ ಬಣ್ಣ, ಒಡವೆಗಳ ಜಾಗದಲ್ಲಿ ಸಣ್ಣ ಸಣ್ಣ ತೂತು. ರಾಜ, ದೇವರು ದೊಡ್ಡ ಬೊಂಬೆ. ಆಳುಕಾಳು ಚಿಕ್ಕದು. ಯಾರು ದೊಡ್ಡವರು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗೇಮಿನಲ್ಲಿ ಕೊನೆಗೆ ಬರುವ ಬಾಸ್, ಅಂದರೆ ದೊಡ್ಡ ಶತ್ರು, ಪರದೆ ತುಂಬುವುದು ಇದೇ ಲೆಕ್ಕದಲ್ಲಿ. ಬೊಂಬೆಯ ಭುಜಕ್ಕೆ, ಮೊಣಕೈಗೆ ಕೀಲು ಹಾಕಿ ಕಡ್ಡಿಯಿಂದ ಆಡಿಸುತ್ತಾರೆ. ಇವತ್ತಿನ ಎಷ್ಟೋ ಟುಡಿ ಆಟಗಳಲ್ಲಿ ತೋಳು, ಮುಂಗೈ, ಮುಂಡ ಬೇರೆ ಬೇರೆ ಬರೆದು ಕೀಲಿನಲ್ಲಿ ತಿರುಗಿಸುವುದೂ ಅದೇ ಕೆಲಸ, ಕಡ್ಡಿಯ ಬದಲು ಕಂಪ್ಯೂಟರ್. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ಆಟದಲ್ಲಿ ಕಥೆ ಹೇಳುವ ಭಾಗಗಳನ್ನು ನೆರಳು ಬೊಂಬೆಯಾಟದ ಹಾಗೆ ಮಾಡಿದ್ದಾರೆ. ಆಟದಲ್ಲಿ ನನಗೆ ಹಿಡಿಸಿದ್ದೇ ಆ ಭಾಗ. ನಮ್ಮ ಬಣ್ಣದ ತೊಗಲುಗೊಂಬೆಯಲ್ಲೇ ಇಡೀ ಆಟ ಮಾಡಿದರೆ ಹೇಗಿರುತ್ತೆ ಅಂತ ಆಸೆ. ಮಂಡ್ಯದಲ್ಲಿ ಯಾರಾದರೂ ಮಾಡುವುದಾದರೆ ಮೊದಲ ಪ್ರತಿ ನನಗೇ.

ದುಡ್ಡಿನ ಮಾತೂ ಇದೆ. ನಿಜದಂತೆ ಕಾಣುವ, 2020ರ ದಿ ಲಾಸ್ಟ್ ಆಫ್ ಅಸ್ ಆಟದ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾಯಿತು ಅಂತ ಮುಂದೆ ಒಂದು ಕೋರ್ಟ್ ಕೇಸಿನ ಕಾಗದಗಳಲ್ಲಿ ಹೊರಬಿತ್ತು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬೆರಳೆಣಿಕೆಯ ಜನ ಸೇರಿ ಮಾಡಿದ, ಕೈಯಲ್ಲೇ ಚಿತ್ರ ಬರೆದ ಹಾಲೋ ನೈಟ್‌ಗೆ ಜನರಿಂದ ಒಟ್ಟಾಗಿದ್ದು ಸುಮಾರು 57,000 ಆಸ್ಟ್ರೇಲಿಯನ್ ಡಾಲರ್. ನಮ್ಮ ಹುಡುಗರು ಯಾವ ದಾರಿ ಹಿಡಿಯಬಹುದು ಅಂತ ಯೋಚಿಸಿ.

ಹಾಗಂತ ಜಪಾನಿನವರೆಲ್ಲಾ ಕುಂಚ ಹಿಡಿದು ಕೂತಿಲ್ಲ. ಒಕಾಮಿ ತಂದ ಅದೇ ಕ್ಯಾಪ್‌ಕಾಮ್ 2017ರ ರೆಸಿಡೆಂಟ್ ಈವಿಲ್ 7ಕ್ಕೆ ನಿಜದ ಮನುಷ್ಯರನ್ನೂ ವಸ್ತುಗಳನ್ನೂ ಸುತ್ತಲಿಂದ ಫೋಟೋ ತೆಗೆದು ಕಂಪ್ಯೂಟರಿಗೆ ಇಳಿಸಿತು. ಅಲ್ಲಿ ಅದು ಬೇಕು. ಊಟದ ಮೇಜಿನ ಮೇಲಿನ ಕೊಳೆತ ಅಡುಗೆ ನಿಜವಾಗಿ ಕೊಳೆತ ಹಾಗೆ ಕಾಣದಿದ್ದರೆ ಹೊಟ್ಟೆ ತೊಳಸುವುದಾದರೂ ಹೇಗೆ? ಗ್ರಾನ್ ಟುರಿಸ್ಮೊ ಆಡುವ ನನ್ನ ಸಹೋದ್ಯೋಗಿಗೆ ಕಾರಿನ ಬಾನೆಟ್ ಮೇಲಿನ ಬೆಳಕು ಒಂಚೂರು ತಪ್ಪಿದರೂ ಗೊತ್ತಾಗುತ್ತೆ. 2018ರ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ನಾನು ಎಷ್ಟೋ ಸಂಜೆ ಸುಮ್ನೆ ಕುದುರೆ ಮೇಲೆ ಸುತ್ತಿದ್ದೇನೆ. ಚಳಿಗೆ ಕುದುರೆಯ ಬೀಜ ಕುಗ್ಗುವುದನ್ನೂ ಅದರಲ್ಲಿ ಮಾಡಿದ್ದಾರೆ. ಅದಕ್ಕೂ ಯಾರೋ ಒಬ್ಬರು ಸಂಬಳಕ್ಕೆ ಕೂತು ಕೆಲಸ ಮಾಡಿರುತ್ತಾರೆ ಅಂತ ನೆನೆದರೆ ಅಯ್ಯೋ ಅನಿಸುತ್ತೆ. ಆದರೆ ಆ ಆಟದ ಸಂಜೆ ಬೆಳಕು ನೆನಪಲ್ಲಿ ಉಳಿದಿರುವುದು ನಿಜದಂತಿದೆ ಅಂತಲ್ಲ. ಯಾವ ಗಂಟೆಯ ಬೆಳಕು, ಎಷ್ಟು ಮಂಜು, ಎಷ್ಟು ಧೂಳು ಅಂತ ಒಬ್ಬರು ಆರಿಸಿದ್ದಾರೆ. ಅದೂ ಶೈಲಿಯೇ, ಗೆರೆ ಕಾಣುವುದಿಲ್ಲ ಅಷ್ಟೇ.

ಸಂಕ್ರಾಂತಿಗೆ ಊರಿಗೆ ಹೋದೆ. ಅಕ್ಕನ ಮಗ ಹಾಲಿನ ಸೋಫಾದಲ್ಲಿ ಮಲಗಿ ಫೋನಿನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುತ್ತಿದ್ದ. ಸೆಟ್ಟಿಂಗ್ಸ್ ತೋರಿಸೋ ಅಂದೆ. ಗ್ರಾಫಿಕ್ಸ್ ಸ್ಮೂತ್, ಅಂದರೆ ಕೆಳಗಿನ ದರ್ಜೆಯದ್ದು. ಫ್ರೇಮ್ ರೇಟ್, ಅಂದರೆ ಎಫ್‌ಪಿಎಸ್, ಎಕ್ಸ್‌ಟ್ರೀಮ್. ಅದರ ಕೆಳಗೆ ಸ್ಟೈಲ್ ಅಂತಲೇ ಒಂದು ಸಾಲಿದೆ, ಅದರಲ್ಲಿ ರಿಯಲಿಸ್ಟಿಕ್ ಅನ್ನುವುದೂ ಇದೆ. ಇವನು ಒತ್ತಿಟ್ಟಿದ್ದು ಕಲರ್‌ಫುಲ್.

“ಯಾಕೋ, ರಿಯಲಿಸ್ಟಿಕ್ ಬೇಡ್ವಾ?”

“ಅದ್ರಲ್ಲಿ ಎನಿಮಿ ಕಾಣಲ್ಲ ಮಾವ. ಫೋನೂ ಬಿಸಿ ಆಗುತ್ತೆ.”

ನಾನೇನೂ ಹೇಳಲಿಲ್ಲ. ನಿಂಟೆಂಡೊದ ಗೇಮ್ ಯಂತ್ರ ಸ್ವಿಚ್ ತಂದಿದ್ದೆ, ಟಿವಿಗೆ ಹಾಕಿ ಒಕಾಮಿ ಶುರು ಮಾಡಿ ಕಂಟ್ರೋಲರ್ ಅವನ ಕೈಗೆ ಕೊಟ್ಟೆ. ಆಕಾಶದಲ್ಲಿ ಸುತ್ತು ಎಳಿ ಅಂದರೆ ಮೊದಲು ಕೋಳಿಮೊಟ್ಟೆ ಬಂತು. ಆಮೇಲೆ ಬಾಯಿ ಕೂಡದ ಬಳೆ. ಸೂರ್ಯ ಬರಲಿಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತಿ, “ಸೊನ್ನೆ ಬರಿಯೋಕೂ ಬರಲ್ವೇನೋ ಕಾಲೇಜು ಹುಡುಗನಿಗೆ” ಅಂದರು. ನಾಲ್ಕನೇ ಸಲ ಬಂತು. ಸ್ವಲ್ಪ ಹೊತ್ತಿಗೆ ಒಣಗಿದ ಮರವೊಂದು ಹೂಬಿಟ್ಟು, ಕಪ್ಪು ಹಿಡಿದಿದ್ದ ಬಯಲು ಬಣ್ಣ ತುಂಬಿಕೊಳ್ಳುತ್ತಾ ಪರದೆ ಉದ್ದಕ್ಕೂ ಹರಡಿತು. ಅಮ್ಮನ ಕೈ ಅವರೆಕಾಯಿ ಮೇಲೆ ನಿಂತುಬಿಟ್ಟಿತ್ತು.

“ಮಾವ, ಇದು ನನ್ ಪಿಸಿಲಿ ಎಷ್ಟು ಎಫ್‌ಪಿಎಸ್ ಬರುತ್ತೆ?”

ಎಂಥಾ ಪಿಸಿ ಆದರೂ 30ಕ್ಕೆ ಕಟ್ಟಿಹಾಕಿದ್ದಾರೆ ಅಂದೆ. ಮುಖ ಸಿಂಡರಿಸಿದ. ಕಂಟ್ರೋಲರ್ ಮಾತ್ರ ವಾಪಸ್ ಕೊಡಲಿಲ್ಲ.