ಖಾಲಿ ಹುದ್ದೆ ಎಂಬ ಬಜೆಟ್ ಕಡಿತ

ಬಜೆಟ್ ಮಂಡನೆಯಾದ ಮಾರನೇ ದಿನ ಪತ್ರಿಕೆಯಲ್ಲಿ 'ರೂಪಾಯಿ ಹೋಗಿದ್ದೆಲ್ಲಿಗೆ' ಅಂತ ಒಂದು ಚಕ್ರ ಬರುತ್ತದಲ್ಲ, ಅದನ್ನು ನೋಡಿ ಸರ್ಕಾರಿ ಶಾಲೆಯ ಸ್ಥಿತಿ ಅಳೆಯಲು ಹೋಗಬೇಡಿ. 2025-26ರ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ, ಶಿಕ್ಷಣಕ್ಕೆ 45,286 ಕೋಟಿ, ರಾಜಸ್ವ ಕೊರತೆ (ಆದಾಯ ಮೀರಿದ ದಿನನಿತ್ಯದ ಖರ್ಚು) 19,262 ಕೋಟಿ. ಹಿಂದಿನ ವರ್ಷ ಶಿಕ್ಷಣಕ್ಕೆ ಇಟ್ಟಿದ್ದು 44,422 ಕೋಟಿ. ಕಾಗದದ ಮೇಲೆ ಏರಿಕೆಯೇ. ಹಾಗಾದರೆ ಕೊರತೆಯ ಏಟು ಶಾಲೆಗೆ ಬೀಳಲೇ ಇಲ್ಲವೇ? ಬಿದ್ದಿದೆ. ಆದರೆ ಅದು ಬೀಳುವ ಜಾಗ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ.

ಶಿಕ್ಷಣ ಇಲಾಖೆಯ ಖರ್ಚಿನಲ್ಲಿ ಸಿಂಹಪಾಲು ಸಂಬಳ. ಕೆಲಸದಲ್ಲಿರುವವರ ಸಂಬಳಕ್ಕೆ ಯಾರೂ ಕೈ ಹಾಕುವಂತಿಲ್ಲ. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ದರ ಬಂದಿದೆ, ಅದು ಬರಬೇಕಾದದ್ದೇ. ಹಾಗಾಗಿ ಆರ್ಥಿಕ ಇಲಾಖೆ ಹಣ ಉಳಿಸಬೇಕೆಂದರೆ ಉಳಿಯುವ ದಾರಿ ಮೂರು: ನಿವೃತ್ತರಾದವರ ಜಾಗ ತುಂಬದೆ ಬಿಡುವುದು, ಅನುದಾನವನ್ನು ತಡವಾಗಿ ಬಿಡುಗಡೆ ಮಾಡುವುದು, ದುರಸ್ತಿಯನ್ನು ಮುಂದೂಡುವುದು. ಈ ಮೂರಕ್ಕೂ 'ಕಡಿತ' ಎಂದು ಯಾರೂ ಆದೇಶ ಹೊರಡಿಸುವುದಿಲ್ಲ.

ಮೊದಲನೆಯದರ ಲೆಕ್ಕ ನೋಡಿ. ಈಗಿನ ದರದಲ್ಲಿ ಹೊಸದಾಗಿ ಸೇರುವ ಪ್ರಾಥಮಿಕ ಶಿಕ್ಷಕರ ಮೂಲವೇತನವೇ ತಿಂಗಳಿಗೆ 40 ಸಾವಿರ ದಾಟುತ್ತದೆ. ತುಟ್ಟಿಭತ್ಯೆ, ಮನೆ ಬಾಡಿಗೆ ಬಿಟ್ಟರೂ ವರ್ಷಕ್ಕೆ 4.8 ಲಕ್ಷ. ಆ ಜಾಗ ಖಾಲಿ ಬಿಟ್ಟು ಅತಿಥಿ ಶಿಕ್ಷಕರನ್ನು ಹಾಕಿದರೆ ತಿಂಗಳಿಗೆ 12 ಸಾವಿರ, ಅದೂ ಹತ್ತು ತಿಂಗಳಿಗೆ ಮಾತ್ರ: 1.2 ಲಕ್ಷ. ಒಂದು ಖಾಲಿ ಹುದ್ದೆಯಿಂದ ಸರ್ಕಾರಕ್ಕೆ ಉಳಿತಾಯ ಕನಿಷ್ಠ ಮೂರೂವರೆ ಲಕ್ಷ. ಒಂದು ತಾಲ್ಲೂಕಿನಲ್ಲಿ ನೂರು ಹುದ್ದೆ ಖಾಲಿ ಇದ್ದರೆ ಆ ತಾಲ್ಲೂಕಿನ ಮಕ್ಕಳು ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಹಣವನ್ನು ರಾಜ್ಯದ ಬೊಕ್ಕಸಕ್ಕೆ ಕೊಟ್ಟ ಹಾಗಾಯಿತು. ಈ ಹಣ ತಾಲ್ಲೂಕಿನಲ್ಲಿ ಉಳಿಯುತ್ತದೆಯೇ? ಇಲ್ಲ. ಮಾರ್ಚ್‌ನಲ್ಲಿ ಪುನರ್ವಿನಿಯೋಗ ಆಗಿ ಬೇರೆ ಬಾಬತ್ತಿಗೆ ಹೋಗುತ್ತದೆ ಅಥವಾ ಅಧ್ಯರ್ಪಣೆಯಾಗಿ, ಅಂದರೆ ಖರ್ಚಾಗದ ಹಣವಾಗಿ, ಬೊಕ್ಕಸಕ್ಕೆ ವಾಪಸ್ ಹೋಗುತ್ತದೆ.

ಖಾಲಿ ಹುದ್ದೆಗಳು ರಾಜ್ಯದ ತುಂಬ ಸಮನಾಗಿ ಹಂಚಿಕೊಂಡಿದ್ದರೆ ಅದು ಬರೀ ಕೊರತೆ. ಹಾಗಿಲ್ಲದಿರುವುದೇ ಅನ್ಯಾಯ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಎ ವಲಯ ಅಂದರೆ ಪಟ್ಟಣ, ಸಿ ವಲಯ ಅಂದರೆ ಒಳನಾಡಿನ ಹಳ್ಳಿ. ಅವಕಾಶ ಸಿಕ್ಕವರು ಪಟ್ಟಣದ ಕಡೆ ಬರುತ್ತಾರೆ. ಬಾಡಿಗೆ ಮನೆ, ಬಸ್ಸು, ತಮ್ಮ ಮಕ್ಕಳ ಓದು ಎಲ್ಲ ಇರುವಾಗ ಅವರನ್ನು ದೂರುವಂತೆಯೂ ಇಲ್ಲ. ಇದರ ಮೇಲೆ ನಿಯೋಜನೆ ಬೇರೆ: ಸಂಬಳ ಬರೆಯುವುದು ಹಳ್ಳಿ ಶಾಲೆಯ ಹೆಸರಿಗೆ, ಕೂರುವುದು ಪಟ್ಟಣದ ಕಚೇರಿಯಲ್ಲಿ. ದಾಖಲೆಯಲ್ಲಿ ಹುದ್ದೆ ಭರ್ತಿ, ತರಗತಿಯಲ್ಲಿ ಕುರ್ಚಿ ಖಾಲಿ. ನೇಮಕಾತಿ ಶುರುವಾದರೂ ಮುಗಿಯುವ ಖಾತ್ರಿಯಿಲ್ಲ. 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆದದ್ದು 2022ರ ಮೇ ತಿಂಗಳಲ್ಲಿ. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕದ್ದು. ವಿವಾಹಿತ ಅಭ್ಯರ್ಥಿಗಳ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲೋ ಎಂಬ ವ್ಯಾಜ್ಯ ಹೈಕೋರ್ಟ್ ತನಕ ಹೋಗಿ, ಶಿಕ್ಷಕರು ಶಾಲೆ ಸೇರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಇದಕ್ಕೆಲ್ಲ ಖಾಲಿ ಹುದ್ದೆಯೇ ಕಾರಣ ಅಂತ ಹೇಳುತ್ತಿಲ್ಲ. ಆದರೆ ಗಣಿತಕ್ಕೆ ಕಾಯಂ ಶಿಕ್ಷಕರೇ ಇಲ್ಲದ ಶಾಲೆಯ ಫಲಿತಾಂಶಕ್ಕೆ ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುವುದು ಯಾವ ನ್ಯಾಯ?

ಇನ್ನು ಶಾಲಾ ಅನುದಾನ. ಸಮಗ್ರ ಶಿಕ್ಷಣ ಎಂಬ ಶಾಲಾ ಯೋಜನೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ದಾಖಲಾತಿ 30ರವರೆಗೆ ಇದ್ದರೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ಕ್ಕೆ 25,000, 250ರವರೆಗೆ 50,000, 1000ದವರೆಗೆ 75,000, ಅದರಾಚೆ ಒಂದು ಲಕ್ಷ. ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ ರಿಪೇರಿ, ಇಂಟರ್‌ನೆಟ್, ಬೀಗ, ಪೊರಕೆ ಎಲ್ಲ ಇದರಲ್ಲೇ. ಕನಿಷ್ಠ ಶೇ 10 ಸ್ವಚ್ಛತೆಗೆ ಬಳಸಬೇಕು ಎಂಬ ನಿಯಮವಿದೆ. 28 ಮಕ್ಕಳ ಶಾಲೆಗೆ ಆ ಶೇ 10 ಅಂದರೆ ವರ್ಷಕ್ಕೆ ಸಾವಿರ, ಹತ್ತು ತಿಂಗಳ ಶಾಲೆಗೆ ತಿಂಗಳಿಗೆ ನೂರು. ತಿಂಗಳಿಗೆ ನೂರು ರೂಪಾಯಿಗೆ ಶೌಚಾಲಯ ತೊಳೆಯುವವರು ಎಲ್ಲಿ ಸಿಗುತ್ತಾರೋ, ನಿಯಮ ಬರೆದವರೇ ಹೇಳಬೇಕು. ಕೊನೆಗೆ ಮಕ್ಕಳ ಕೈಗೇ ಬಕೆಟ್ ಬರುತ್ತದೆ. ಅದರ ವಿಡಿಯೋ ಹರಿದಾಡುತ್ತದೆ. ಅಮಾನತಾಗುವುದು ಮುಖ್ಯ ಶಿಕ್ಷಕರು.

31 ಮಕ್ಕಳಿದ್ದ ಊರಿಂದ ಒಂದು ಸಂಸಾರ ಗುಳೆ ಹೋಗಿ ಸಂಖ್ಯೆ 29ಕ್ಕಿಳಿದರೆ ಶಾಲೆಗೆ 15,000 ಖೋತಾ. ಮಕ್ಕಳು ಇಬ್ಬರು ಕಡಿಮೆಯಾದರೆಂದು ಕರೆಂಟು, ನೀರು, ಕಟ್ಟಡದ ಖರ್ಚು ಇಳಿಯುತ್ತದೆಯೇ? ಹಾಜರಾತಿ ಪುಸ್ತಕದಲ್ಲಿ ಊರಲ್ಲಿಲ್ಲದ ಮಕ್ಕಳ ಹೆಸರು ಉಳಿದುಕೊಳ್ಳುವುದಕ್ಕೆ ಈ ಮೆಟ್ಟಿಲೂ ಒಂದು ಕಾರಣ. ಮೆಟ್ಟಿಲು ಕೇಂದ್ರದ ಮಾನದಂಡ, ರಾಜ್ಯ ಅದನ್ನು ಬದಲಿಸಲಾಗದು. ತನ್ನ ಕಡೆಯಿಂದ ಸೇರಿಸಬಹುದು. 30ರವರೆಗಿನ ಶಾಲೆಗಳಿಗೆ ತಲಾ 15,000 ಸೇರಿಸಿದರೆ ಮೊದಲ ಮೆಟ್ಟಿಲೇ ಹೋಗುತ್ತದೆ. ಅಂಥ ಶಾಲೆ ಹತ್ತು ಸಾವಿರ ಅಂದುಕೊಂಡರೂ ಖರ್ಚು 15 ಕೋಟಿ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ 2,500 ಕೋಟಿಗೆ 500 ಕರ್ನಾಟಕ ಪಬ್ಲಿಕ್ ಶಾಲೆ ಎಂದಿರುವ ಬಜೆಟ್‌ಗೆ, ಅಂದರೆ ಸರಾಸರಿ ಶಾಲೆಗೆ ಐದು ಕೋಟಿ ಹುಡುಕುವ ಬಜೆಟ್‌ಗೆ, ಇದು ಹೊರೆಯಲ್ಲ.

ಹಣ ಎಷ್ಟು ಎನ್ನುವಷ್ಟೇ ಯಾವಾಗ ಎನ್ನುವುದೂ ಮುಖ್ಯ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ಅನುದಾನ ಬಂದು ತಲುಪುವುದು ಅನೇಕ ಸಲ ವರ್ಷದ ಕೊನೆಯ ತಿಂಗಳುಗಳಲ್ಲಿ. ಮೊದಲು ಶಾಲೆಯ ಖಾತೆಯಲ್ಲೇ ದುಡ್ಡು ಉಳಿಯುತ್ತಿತ್ತು. 2021ರಲ್ಲಿ ಬಂದ ಏಕ ನೋಡಲ್ ಖಾತೆಯ (ಯೋಜನೆಯ ಹಣವೆಲ್ಲ ರಾಜ್ಯಮಟ್ಟದ ಒಂದೇ ಖಾತೆಯಲ್ಲಿಡುವ) ಪದ್ಧತಿಯಲ್ಲಿ ಶಾಲೆಯದ್ದು ಶೂನ್ಯ ಶಿಲ್ಕಿನ ಖಾತೆ. ಖರ್ಚಿನ ಮಿತಿ ಮಾತ್ರ ಕಾಣುತ್ತದೆ, ಮಾರ್ಚ್ 31ಕ್ಕೆ ಅದೂ ಮಾಯ. ಫೆಬ್ರವರಿಯಲ್ಲಿ ಮಿತಿ ಬಂದರೆ ಬಿಲ್ಲು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು, ವೆಂಡರ್ ನೋಂದಣಿ ಎಲ್ಲ ಒಂದೇ ತಿಂಗಳಲ್ಲಿ ಮುಗಿಸಬೇಕು. ಛಾವಣಿ ಸೋರುವುದು ಜುಲೈನಲ್ಲಿ, ಹಣ ಖರ್ಚಾಗುವುದು ಮಾರ್ಚ್‌ನಲ್ಲಿ ಬೇಕಿಲ್ಲದ ಬೀರು ಕೊಳ್ಳಲು. ಜೂನ್‌ನಲ್ಲೇ ಅರ್ಧ ಬಿಡುಗಡೆ ಮಾಡಿದರೆ ಸರ್ಕಾರಕ್ಕೆ ಹೆಚ್ಚುವರಿ ಖರ್ಚೇ ಇಲ್ಲ.

ಇದೆಲ್ಲ ಬಿಟ್ಟು ಸರ್ಕಾರ ಕೈ ಚಾಚಿದ್ದು ಎಲ್ಲಿಗೆ? 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಸುತ್ತೋಲೆ ಹೋಯಿತು. ಟೀಕೆ ಬಂದ ಮೇಲೆ ವಾಪಸಾಯಿತು. ಈಗ ಹಳೆಯ ವಿದ್ಯಾರ್ಥಿಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವಾದ ಸಿಎಸ್‌ಆರ್. ಕೊಡುವವರ ಮನಸ್ಸು ದೊಡ್ಡದೇ. ಆದರೆ ಕಂಪನಿ ಕಾಯ್ದೆಯೇ ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅನ್ನುತ್ತದೆ. ಕಂಪನಿಗಳಿರುವುದು ಬೆಂಗಳೂರಿನಲ್ಲಿ, ರಾಯಚೂರಿನ ದೇವದುರ್ಗದಲ್ಲಲ್ಲ.

ಗ್ಯಾರಂಟಿ ಯೋಜನೆಗಳನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಕಾಮೆಂಟ್ ಬಂದೇ ಬರುತ್ತದೆ. 2025-26ರಲ್ಲಿ ಅವಕ್ಕೆ ಇಟ್ಟ 51,034 ಕೋಟಿ ಸಣ್ಣದಲ್ಲ, ಆ ಚರ್ಚೆ ಆಗಲಿ. ಆದರೆ ಹುದ್ದೆಗಳು ಖಾಲಿ ಬೀಳಲು ಶುರುವಾದದ್ದು ಗ್ಯಾರಂಟಿ ಬಂದ 2023ರಲ್ಲಲ್ಲ.

ಕೊರತೆಯ ವರ್ಷದಲ್ಲಿ ಎಲ್ಲರಿಗೂ ಶೇ 10 ಕಡಿತ ಎಂಬುದು ನೋಡಲು ಸಮಾನ. ಆದರೆ 10,000ದಲ್ಲಿ ಸಾವಿರ ಹೋಗುವುದೂ ಲಕ್ಷದಲ್ಲಿ ಹತ್ತು ಸಾವಿರ ಹೋಗುವುದೂ ಒಂದೇ ನೋವಲ್ಲ. ಅಳತೆಗೋಲು ಹೊಸದಾಗಿ ಹುಡುಕಬೇಕಿಲ್ಲ: ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದೆ, ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಆ 39ರಲ್ಲಿ ಖಾಲಿ ಹುದ್ದೆಯ ಉಳಿತಾಯ ಅಲ್ಲೇ ಖರ್ಚಾಗಲಿ: ಒಂದು ಹುದ್ದೆಯ ಸಂಬಳದಲ್ಲಿ ಹನ್ನೆರಡು ತಿಂಗಳೂ ಮರ್ಯಾದೆಯ ಗೌರವಧನ ಕೊಟ್ಟು, ಬಿಎಡ್ ಆದ ಸ್ಥಳೀಯರನ್ನು ಉಳಿಸಿಕೊಳ್ಳಬಹುದು. ಹೊಸ ನೇಮಕಾತಿಯಲ್ಲಿ ಮೊದಲು ತುಂಬುವುದು ಅಲ್ಲಿನ ಸಿ ವಲಯ, ಆಮೇಲೆ ಉಳಿದದ್ದು.

ನಿಮ್ಮ ತಾಲ್ಲೂಕಿನ ಲೆಕ್ಕ ತಿಳಿಯಬೇಕೆಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಒಂದರಲ್ಲಿ ಶಾಲಾವಾರು ಮಂಜೂರಾದ ಹುದ್ದೆ, ಕೆಲಸ ಮಾಡುತ್ತಿರುವವರು, ನಿಯೋಜನೆಯಲ್ಲಿ ಹೊರಗಿರುವವರ ಸಂಖ್ಯೆ ಕೇಳಿ. ಹಿಂದಿನ ಮಾರ್ಚ್‌ನಲ್ಲಿ ಅಧ್ಯರ್ಪಣೆಯಾದ ಮೊತ್ತವನ್ನು ಬೇರೆ ಅರ್ಜಿಯಲ್ಲೇ ಕೇಳಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡನ್ನೂ ಸೇರಿಸಿ ಬರೆದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು.