ಲೋ ಖರೀಫ್

ಸೆಪ್ಟೆಂಬರ್ 26 ಯೂರೋಪಿನವರ ಭಾಷಾ ದಿನ. 2001ರಿಂದ ಅಲ್ಲಿನ ಶಾಲೆಗಳು ಪರಭಾಷೆ ಕಲಿಯುವುದನ್ನೇ ಒಂದು ಹಬ್ಬವಾಗಿಸಿ ಹಾಡು, ಆಟ, ತಿಂಡಿಗಳೊಂದಿಗೆ ಆಚರಿಸುತ್ತವೆ. ಈ ಸಂಗತಿ ನಮ್ಮ ಮುಖ್ಯೋಪಾಧ್ಯಾಯರ ಮೊಬೈಲಿಗೆ ಹೇಗೋ ತಲುಪಿ, ಅಲ್ಲಿಂದ ನೇರವಾಗಿ ನನ್ನ ತಲೆಯ ಮೇಲೆ ಬಿತ್ತು. ಭಾಷೆ ಎಂಬ ಹೆಸರಿರುವ ಕೆಲಸವೆಲ್ಲ ಕನ್ನಡ ಮೇಷ್ಟ್ರಿಗೇ ಸೇರತಕ್ಕದ್ದು ಎಂಬುದು ಅವರ ವಾದ. ಗಂಗಾವತಿ ತಾಲ್ಲೂಕಿನ ಹೊಳೆದಂಡೆಯ ಊರು, ಸರ್ಕಾರಿ ಪ್ರೌಢಶಾಲೆ, ಇಂಗ್ಲಿಷ್ ಪರೀಕ್ಷೆಯ ದಿನ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿ ಬರುವ ಮಕ್ಕಳು. ಇಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಎಂದು ನಾಲ್ಕು ಮೇಜು ಹಾಕಬೇಕು, ಒಂದೊಂದರ ಮೇಲೂ ಒಂದು ಚಾರ್ಟು, ಒಂದು ತಿನಿಸು, ಹತ್ತು ಮಾತು. ಖರ್ಚಿಗೆ ಹಣವಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಜರ್ಮನ್ ಮೇಜಿನ ಹುಡುಗಿಯರು ಮೊದಲ ದಿನವೇ ತಕರಾರು ತಂದರು. ಆ ಭಾಷೆಯಲ್ಲಿ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದರು. ಹುಡುಗಿ ಎನ್ನಲು ಅವರು ಬಳಸುವ 'ಮೇಡ್‌ಶೆನ್' ಕೂಡ ಹೋಗಿ ಚಾಕುವಿನ ಪಂಕ್ತಿಯಲ್ಲಿ ಕುಳಿತಿದೆ. "ಇದು ಯಾವ ನ್ಯಾಯ ಸರ್?" ನಮ್ಮ ಕಡೆಯ ಮನೆಗಳಲ್ಲಿ ಮೊಮ್ಮಗ ಬಂದರೆ ಅಜ್ಜಿ 'ಬಂದ' ಎನ್ನುತ್ತಾಳೆ, ಮೊಮ್ಮಗಳು ಬಂದರೆ 'ಬಂತು' ಎನ್ನುತ್ತಾಳೆ. ಜರ್ಮನರ ಮೇಲೆ ಸಿಟ್ಟಾಗುವ ಮೊದಲು ಅಜ್ಜಿಯನ್ನು ವಿಚಾರಿಸಿಕೊಂಡು ಬನ್ನಿ ಎಂದೆ. ಒಬ್ಬಳು ನಿಜವಾಗಿಯೂ ವಿಚಾರಿಸಿಕೊಂಡು ಬಂದಳು. ಅಜ್ಜಿಯ ಉತ್ತರ: "ಇನ್ನೂ ಕೂಸಲ್ಲವೇ ಅದು?" ಜರ್ಮನ್ ವ್ಯಾಕರಣದ ಉತ್ತರವೂ ಇದೇ. 'ಶೆನ್' ಎಂದರೆ ಪುಟ್ಟದು ಎಂಬರ್ಥದ ಪ್ರತ್ಯಯ. ಅದು ಅಂಟಿಕೊಂಡ ನಾಮಪದವೆಲ್ಲ ನಪುಂಸಕ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಇದು ಹೇಗೆ ಗೊತ್ತಾಯಿತೋ!

ಗೊಣಗುತ್ತಲೇ ಒಪ್ಪಿಕೊಂಡಿದ್ದ ನಾನು ಮರುಳಾದದ್ದು ಜಪಾನಿ ಮೇಜಿನ ಬಳಿ. ಮೊಬೈಲಿನಲ್ಲಿ ಅಲ್ಲಿನ ಕಾರ್ಟೂನು ನೋಡುವ ಹುಡುಗಿಯೊಬ್ಬಳು 'ಗೋಹಾನ್ ಓ ತಾಬೆಮಾಸ್' ಎಂದು ಬರೆದುಕೊಂಡು ಬಂದಳು. ಗೋಹಾನ್ ಎಂದರೆ ಅನ್ನ. 'ಓ' ಎಂಬುದು ನಮ್ಮ 'ಅನ್ನು', ಶುದ್ಧ ದ್ವಿತೀಯಾ ವಿಭಕ್ತಿ. ತಾಬೆಮಾಸ್ ಎಂದರೆ ತಿನ್ನುತ್ತೇನೆ. ಅನ್ನವನ್ನು ತಿನ್ನುತ್ತೇನೆ! ಕ್ರಿಯಾಪದ ಕೊನೆಯಲ್ಲಿ ಕೈಕಟ್ಟಿ ನಿಂತಿದೆ, 'ನಾನು' ಎಂದು ಹೇಳುವ ಗರಜೂ ಇಲ್ಲ. ಇಪ್ಪತ್ತು ವರ್ಷಗಳಿಂದ ವಿಭಕ್ತಿ ಪ್ರತ್ಯಯ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡವನಿಗೆ ದೂರದ ಊರಿನ ಸಂತೆಯಲ್ಲಿ ನೆಂಟ ಸಿಕ್ಕಂತಾಯಿತು. ಅಂದು ಏಳನೆಯ ಅವಧಿ ಮುಗಿದು ಗಂಟೆ ಬಾರಿಸಿದ್ದು ನನಗಾಗಲಿ ಅವಳಿಗಾಗಲಿ ಕೇಳಿಸಲಿಲ್ಲ.

ಫ್ರೆಂಚ್ ಮೇಜಿನದು ಬೇರೆಯೇ ಕಷ್ಟ. ಆ ಭಾಷೆಯ 'ರ' ಗಂಟಲಿನಲ್ಲಿ ಹುಟ್ಟಿ ಅಲ್ಲಿಯೇ ತೀರಿಕೊಳ್ಳುತ್ತದೆ. 'ಮೆರ್ಸಿ' ಎನ್ನಲು ಹೋದವರು ಒಬ್ಬೊಬ್ಬರಾಗಿ ಕೆಮ್ಮಿ ಹಿಂದೆ ಸರಿದರು. ಅವರಿಗೆ ಡೊಮಿಂಗೊ ಪಾಯೆಸ್‌ನ ಕತೆ ಹೇಳಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಆತ. ನಮ್ಮ ಹೊಳೆಯ ಹರಿಗೋಲನ್ನು ಕಣ್ಣಾರೆ ಕಂಡು, ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರುತ್ತಾರೆ ಎಂದು ಅಚ್ಚುಕಟ್ಟಾಗಿ ಬರೆದಿಟ್ಟ. ಆದರೆ ಆನೆಗೊಂದಿ ಎನ್ನಲು ಅವನ ನಾಲಗೆ ಹೊರಳಲಿಲ್ಲ. 'ಸೆನಗುಂದಿಂ' ಎಂದು ಬರೆದ. ವಿಜಯನಗರ ಅವನ ಕೈಯಲ್ಲಿ 'ಬಿಸ್ನಗ'ವಾಯಿತು. ಇದನ್ನು ಕೇಳಿದ ಮೇಲೆ ಹುಡುಗರು ಕೆಮ್ಮಿಗೆ ಅಂಜುವುದನ್ನು ಬಿಟ್ಟರು. ಐನೂರು ವರ್ಷಗಳ ಹಳೆಯ ಬಾಕಿಯೊಂದು ನಮ್ಮ ವರಾಂಡದಲ್ಲಿ ಚುಕ್ತಾ ಆಗುತ್ತಿದೆ ಎಂಬ ಹುರುಪು ಅವರದು.

ಸ್ಪ್ಯಾನಿಷ್ ಮೇಜಿಗೆ ತಿನಿಸು ಯಾವುದೆಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಇಂದು ಸ್ಪ್ಯಾನಿಷ್ ಮಾತನಾಡುವ ಮೆಕ್ಸಿಕೊದಂಥ ನಾಡುಗಳಲ್ಲಿ. ನಮ್ಮಲ್ಲಿಗೆ ಅದನ್ನು ಹೊತ್ತು ತಂದವರು ಪೋರ್ಚುಗೀಸರು. ಆದ್ದರಿಂದ ಒಗ್ಗರಣೆ-ಮಿರ್ಚಿಯೇ ಸರಿ ಎಂದು ಮಕ್ಕಳು ತೀರ್ಪು ಕೊಟ್ಟರು. ತೀರ್ಪಿನಲ್ಲಿ ವಿದ್ಯೆಗಿಂತ ಹಸಿವು ಹೆಚ್ಚಿತ್ತು ಎಂಬುದು ನನ್ನ ಗುಮಾನಿ. ಬಿಸಿಯೂಟದ ಅಕ್ಕ ಬಾಣಲೆ ಇಟ್ಟರು. ಹಿಟ್ಟಿನಲ್ಲಿ ಅದ್ದಿದ ಕಾಯಿಯನ್ನು ತೊಟ್ಟು ಹಿಡಿದು ಬಾಣಲೆಯ ಅಂಚಿಗೆ ಒಮ್ಮೆ ಸವರಿ, ಎಣ್ಣೆಯೊಳಗೆ ಜಾರಿಸಿ ಬಿಡುವ ಅವರ ಕೈಚಳಕ ನೋಡಲು ನಾಲ್ಕೂ ಮೇಜುಗಳು ಖಾಲಿಯಾದವು.

ಮೊದಲ ಮಿರ್ಚಿಯನ್ನು ಆತುರದಿಂದ ಕಚ್ಚಿದ ಎಂಟನೆಯ ತರಗತಿಯ ಹುಡುಗನ ಕಣ್ಣಲ್ಲಿ ನೀರು. ಅಕ್ಕ ನಗುತ್ತಾ ಅಂದರು: "ಲೋ ಖರೀಫ್ ಎಂದು ಮೊದಲೇ ಕೇಳಬೇಕಿತ್ತು."

'ಲೋ' ಎಂಬುದಷ್ಟೇ ಕಿವಿಗೆ ಬಿದ್ದು, ಆಚೆ ಬೆನ್ನು ತಿರುಗಿಸಿ ನಿಂತಿದ್ದ ಮುಖ್ಯೋಪಾಧ್ಯಾಯರು ಬೆಚ್ಚಿ ತಿರುಗಿದರು. ಸುತ್ತ ನಿಂತಿದ್ದ ರೈತರ ಮಕ್ಕಳಿಗೆ ಕೇಳಿಸಿದ್ದು ಮುಂಗಾರು ಬೆಳೆಯ ಖಾರಿಫ್. ಅದು ಎರಡೂ ಅಲ್ಲ, ಹೀಬ್ರೂ. 'ಲೋ' ಎಂದರೆ ಇಲ್ಲ, 'ಖರೀಫ್' ಎಂದರೆ ಖಾರ.

ಅಕ್ಕ ಹಿಂದೆ ವಿರೂಪಾಪುರ ಗಡ್ಡೆಯ ಒಂದು ಅತಿಥಿಗೃಹದ ಅಡುಗೆಮನೆಯಲ್ಲಿದ್ದವರು. ಇಸ್ರೇಲಿನ ಹುಡುಗ ಹುಡುಗಿಯರು ಕಡ್ಡಾಯ ಸೇನಾಸೇವೆ ಮುಗಿಸಿ ದೇಶ ಸುತ್ತಲು ಹೊರಟರೆ ಹಂಪಿಯ ಎದುರು ದಂಡೆಯ ಆ ಗಡ್ಡೆಯಲ್ಲಿ ವಾರಗಟ್ಟಲೆ ತಂಗುತ್ತಿದ್ದರು. ಅಲ್ಲಿ ಹೀಬ್ರೂ ಬರೆದ ಫಲಕಗಳೂ ಇದ್ದವು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ಅಕ್ಕ ನಮ್ಮ ಶಾಲೆಯ ಒಲೆಯ ಮುಂದೆ ಬಂದು ಕುಳಿತರು. ನೀರಿಗೆ 'ಮಾಯಿಮ್', ಉಪ್ಪಿಗೆ 'ಮೆಲಖ್', ಉಪಕಾರಕ್ಕೆ 'ತೋದಾ', ಆಗಲಿ ಎನ್ನಲು 'ಬೆಸೆದೆರ್'. ಒಂದಕ್ಷರ ಬರೆಯಲು ಬಾರದು, ಒಂದು ಪದವೂ ಮರೆತಿಲ್ಲ. "ಖರೀಫ್ ಹೇಗೆ ನೆನಪಿಟ್ಟಿರಿ ಅಕ್ಕ?" ಎಂದು ಕೇಳಿದೆ. "ಖಾರ ಅದರೊಳಗೇ ಇದೆಯಲ್ಲ ಸರ್" ಎಂದರು. ನಿಘಂಟು ನೋಡಿದ ನನಗಿಂತ ಅವರು ಒಂದು ಹೆಜ್ಜೆ ಮುಂದೆ. ಆ ಮೇಲೆ ಐದನೆಯ ಮೇಜು ಹಾಕುವ ಕಷ್ಟವಿರಲಿಲ್ಲ. ಬಾಣಲೆಯ ಸುತ್ತಲೇ ಅದು ತಾನಾಗಿ ಆಗಿತ್ತು. ಎಣ್ಣೆ ಸಿಡಿಯುತ್ತದೆ, ದೂರ ನಿಲ್ಲಿ ಎಂದು ಗದರುವುದೊಂದೇ ನನ್ನ ಪಾಲಿಗೆ ಉಳಿದ ಕೆಲಸ.

ಈಗ ಚಾರ್ಟುಗಳು ಸ್ಟಾಫ್ ರೂಮಿನ ಅಲಮಾರಿಯ ಮೇಲೆ ಸುರುಳಿಯಾಗಿ ಮಲಗಿವೆ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಬೇಕೆಂಬುದು ನಿಯಮ. ಮೊನ್ನೆ ಆ ಸರದಿ ಮುಖ್ಯೋಪಾಧ್ಯಾಯರದು. ಬ್ಯಾಡಗಿ ಕಾಯಿ ಮುಗಿದು ಗುಂಟೂರಿನದು ಬಂದಿತ್ತೋ ಏನೋ, ಸಾಂಬಾರು ಬಾಯಿಗೆ ತಗುಲಿದ್ದೇ ತಡ ಅವರ ಕಿವಿಯ ತುದಿ ಕೆಂಪಾಯಿತು. ಅಕ್ಕ ಸೌಟು ಹಿಡಿದು ಮುಖವನ್ನೇ ನೋಡುತ್ತ ನಿಂತಿದ್ದರು. ಮಕ್ಕಳು ತಟ್ಟೆ ಬಡಿಯುವುದನ್ನು ನಿಲ್ಲಿಸಿದರು. ಮುಖ್ಯೋಪಾಧ್ಯಾಯರು ಒಂದು ಲೋಟ ನೀರು ಕುಡಿದರು, ಕಣ್ಣೊರೆಸಿಕೊಂಡರು, "ಬೆಸೆದೆರ್" ಎಂದು ದಾಖಲೆ ಪುಸ್ತಕಕ್ಕೆ ಸಹಿ ಹಾಕಿದರು.